ಖಾಲಿಯಾದ ಪಾಲು

ನಮ್ಮ ಮನೆಯಲ್ಲಿ ಜಾಗದ ಪ್ರಶ್ನೆ ಎದ್ದಾಗಲೆಲ್ಲ ನನ್ನಾಕೆಯ ದೃಷ್ಟಿ ಮೊದಲು ಹೊರಳುವುದು ಅಟ್ಟದ ಕಡೆಗೆ. ಅಲ್ಲಿ ಒಂದು ಹಳೆಯ ಮರದ ಪೆಟ್ಟಿಗೆ ಇದೆ. ನಮ್ಮ ತಂದೆಯವರು ಹಳ್ಳಿಯಲ್ಲಿ ಶಾನುಭೋಗರಾಗಿದ್ದವರು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದ ಮೇಲೆ ಅವರಿಗೆ ಉಳಿದದ್ದು ಈ ಪೆಟ್ಟಿಗೆ. ಅದರಲ್ಲಿ ಅವರ ಕೆಲವು ಲೆಕ್ಕದ ಪುಸ್ತಕಗಳೂ ನಮ್ಮ ತಾತನ ಕಾಲದ ನಾಲ್ಕಾರು ಕಡತಗಳೂ ಇವೆ. "ಯಾರೂ ತೆರೆಯದೆ ಇರೋ ಪೆಟ್ಟಿಗೆ ಇದ್ದರೇನು, ಇಲ್ಲದಿದ್ದರೇನು?" ಎಂಬುದು ನನ್ನಾಕೆಯ ವಾದ. ಈ ವಾದಕ್ಕೆ ಉತ್ತರ ಹೊಳೆಯದೆ ನಾನು ಪ್ರತಿ ವರ್ಷವೂ ಆಯುಧಪೂಜೆಗೆ ಮುಂಚೆ "ಈ ಸಲ ಹಳೇ ಪೇಪರಿನವನಿಗೆ ಹಾಕಿಬಿಡೋಣ" ಎಂದು ಒಪ್ಪಿಕೊಳ್ಳುವುದೂ, ಏಣಿ ಹತ್ತುವ ಸೋಮಾರಿತನದಿಂದ ಸುಮ್ಮನಾಗುವುದೂ ಒಂದು ಸಂಪ್ರದಾಯವಾಗಿಬಿಟ್ಟಿದೆ.

2024ರ ಶ್ರಾವಣದಲ್ಲಿ ಜಾಗದ ಪ್ರಶ್ನೆ ಎದ್ದದ್ದು ಮಾತ್ರ ಅಟ್ಟದಲ್ಲಲ್ಲ. ನನ್ನ ಗಣಕಯಂತ್ರದ ಹೊಟ್ಟೆಯಲ್ಲಿ.

ಮೊಮ್ಮಗಳ ಅನ್ನಪ್ರಾಶನದ ಚಿತ್ರಗಳನ್ನು ಮಗಳು ಕಳುಹಿಸಿದ್ದಳು. ಅವನ್ನು ಉಳಿಸಿಕೊಳ್ಳಲು ಹೋದರೆ ಯಂತ್ರವು "ಜಾಗವಿಲ್ಲ" ಎಂದಿತು. 'ಸಿ' ಎಂಬ ಹೆಸರಿನ ಕೆಳಗೆ ಎಂದೂ ನೀಲಿಯಾಗಿರುತ್ತಿದ್ದ ಪಟ್ಟಿ ಕೆಂಪಾಗಿ, ನೆರೆ ಬಂದ ಹೊಳೆಯಂತೆ ದಡ ಮುಟ್ಟಿತ್ತು. ಮೊಮ್ಮಗಳ ಮೊದಲ ತುತ್ತಿಗೆ ಅಜ್ಜನ ಮನೆಯಲ್ಲಿ ಎಡೆಯಿಲ್ಲ ಎಂದರೆ ಯಾವ ಅಜ್ಜ ತಾನೆ ಸಹಿಸಿಯಾನು?

ಎಡೆಯಿಲ್ಲವೆಂಬುದು ನಿಜವೂ ಆಗಿರಲಿಲ್ಲ. ಯಂತ್ರದ ಅರ್ಧಕ್ಕೆ ಸ್ವಲ್ಪ ಕಡಿಮೆ ಜಾಗ ವರ್ಷಗಟ್ಟಲೆಯಿಂದ ಬಾಗಿಲು ಹಾಕಿಕೊಂಡು ಬಿದ್ದಿತ್ತು. ಆ ಕಥೆಯನ್ನು ಮೊದಲು ಹೇಳಬೇಕು.

ನಿವೃತ್ತಿಗೆ ಒಂದು ವರ್ಷ ಮುಂಚೆ, 2013ರಲ್ಲಿ, ನಾನು ಈ ಯಂತ್ರವನ್ನು ಕೊಂಡೆ. ಆಗ ನನ್ನ ತಂಗಿಯ ಮಗ ಮೈಸೂರಿನಲ್ಲಿ ನಮ್ಮ ಮನೆಯಲ್ಲಿಯೇ ಇದ್ದು ಇಂಜಿನಿಯರಿಂಗ್ ಓದುತ್ತಿದ್ದ. ಯಂತ್ರದ ಗೃಹಕೃತ್ಯವನ್ನೆಲ್ಲ ನಡೆಸುವ ಒಬ್ಬ ಯಜಮಾನ ಒಳಗೆ ಇರುತ್ತಾನೆ. ಅವನಿಗೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ನನ್ನ ಯಂತ್ರದೊಡನೆ ಬಂದ ಯಜಮಾನ ವಿಂಡೋಸ್. ಸೋದರಳಿಯನಿಗೆ ಅದು ರುಚಿಸಲಿಲ್ಲ. ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ತರುಣ 1991ರಲ್ಲಿ ಬರೆಯಲು ಆರಂಭಿಸಿದ ಲಿನಕ್ಸ್ ಎಂಬುದೊಂದಿದೆ, ಅದರ ಮೇಲೆ ಕಟ್ಟಿದ ಉಬುಂಟು ಎಂಬುದು 2004ರಿಂದ ಲೋಕಕ್ಕೆಲ್ಲ ಧರ್ಮಾರ್ಥವಾಗಿ ಸಿಕ್ಕುತ್ತದೆ, ಅದನ್ನೂ ಇದರಲ್ಲಿಯೇ ಇರಿಸೋಣ ಎಂದ. "ಒಂದು ಮನೆಗೆ ಇಬ್ಬರು ಯಜಮಾನರೇ?" ಎಂದೆ. "ಪಾಲು ಮಾಡಿಬಿಡೋಣ ಮಾಮ. ಅವರವರ ಅಡುಗೆ ಅವರವರದು" ಎಂದ.

ಹಾಗೆ ಪಾಲಾಯಿತು. ಅಂಗಡಿಯವನು 500 ಜಿಬಿ ಎಂದು ಹೇಳಿ ಮಾರಿದ ಹಾರ್ಡ್ ಡಿಸ್ಕು ವಿಂಡೋಸಿನ ಎಣಿಕೆಯಲ್ಲಿ 465 ಮಾತ್ರ. ಇದು ಮೋಸವಲ್ಲ: ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ, ಸೇರು ಬೇರೆ, ಅಕ್ಕಿ ಅಷ್ಟೇ. ಅದರಲ್ಲಿ ಸುಮಾರು 250 ವಿಂಡೋಸಿಗೆ, ಸುಮಾರು 215 ಲಿನಕ್ಸಿಗೆ. ಗುಂಡಿ ಒತ್ತಿದೊಡನೆ ಒಂದು ಕಪ್ಪು ತೆರೆ ಬಂದು, "ಯಾರ ಮನೆಗೆ ಹೋಗಬೇಕು?" ಎಂದು ಹತ್ತು ಸೆಕೆಂಡು ಕಾಯುತ್ತಿತ್ತು. ನಾನು ಬಾಣದ ಗುಂಡಿ ಒತ್ತಿ ನನ್ನ ಮನೆಗೆ ಹೋಗುತ್ತಿದ್ದೆ. ಹುಡುಗ ಅವನ ಮನೆಗೆ ಹೋಗುತ್ತಿದ್ದ. ಐದು ವರ್ಷ ಈ ಕೂಡುಬಾಳು ಸುಗಮವಾಗಿ ನಡೆಯಿತು. 2018ರಲ್ಲಿ ಅವನು ಜರ್ಮನಿಗೆ ಹೋದ. ಅಂದಿನಿಂದ ಆ ಬಾಗಿಲನ್ನು ತೆರೆದವರಿಲ್ಲ.

ಕೆಂಪು ಪಟ್ಟಿಯನ್ನು ನೋಡಿದ ದಿನ ನನಗೆ ನ್ಯಾಯವಾಗಿಯೇ ಅನ್ನಿಸಿತು: ಬಾಡಿಗೆಯವನು ಊರು ಬಿಟ್ಟು ಆರು ವರ್ಷವಾಯಿತು, ಮನೆಯನ್ನು ನಾವೇಕೆ ಹಿಂದಕ್ಕೆ ಪಡೆಯಬಾರದು?

ನಾನು ಮೂವತ್ತು ವರ್ಷ ಗಣಿತ ಪಾಠ ಮಾಡಿದವನು. ಯಾರನ್ನೂ ಕೇಳದೆ ಓದಿ ತಿಳಿದುಕೊಳ್ಳಬಲ್ಲೆನೆಂಬ ಅಹಂಕಾರ ನನಗೆ ಹಳೆಯ ಕಾಯಿಲೆ. ವಿಂಡೋಸಿನೊಳಗೆ 'ಡಿಸ್ಕ್ ಮ್ಯಾನೇಜ್‌ಮೆಂಟ್' ಎಂಬ ಒಂದು ಕಿಟಕಿ ಇದೆ. ಅದನ್ನು ತೆರೆದರೆ ಹಾರ್ಡ್ ಡಿಸ್ಕು ಒಂದು ಉದ್ದನೆಯ ಹೊಲದಂತೆ, ಬದು ಹಾಕಿದ ತುಂಡುಗಳಾಗಿ ಕಾಣುತ್ತದೆ. ಎಡಗಡೆ ಒಂದು ಚಿಕ್ಕ ತುಂಡು, ಅದರ ಪಕ್ಕದಲ್ಲಿ ನನ್ನ 'ಸಿ', ಅದರ ಪಕ್ಕದಲ್ಲಿ 450 ಎಂಬಿಯ ಒಂದು ಸಣ್ಣ ಪಟ್ಟಿ, ಆಮೇಲೆ ಹಸಿರು ಗೆರೆಯ ಆವರಣದೊಳಗೆ ಸೋದರಳಿಯನ ಎರಡು ತುಂಡುಗಳು. ಅವನ ತುಂಡುಗಳಿಗೆ ಹೆಸರಿಲ್ಲ, ಅಕ್ಷರವಿಲ್ಲ. ಲಿನಕ್ಸ್ ತನ್ನ ಫೈಲುಗಳನ್ನು ಜೋಡಿಸಿಡುವ ಕ್ರಮವನ್ನು ವಿಂಡೋಸ್ ಓದಲಾರದು. ಆದ್ದರಿಂದ ಅಲ್ಲಿ ಏನಿದೆಯೆಂದು ಹೇಳದೆ ಅಳತೆಯನ್ನಷ್ಟೇ ತೋರಿಸುತ್ತದೆ. ಓದಲು ಬಾರದವನಿಗೆ ಬರೆದ ಹಾಳೆಯೂ ಬಿಳಿಯ ಹಾಳೆಯೂ ಒಂದೇ. ನನಗೂ ಆ ಕ್ಷಣದಲ್ಲಿ ಹಾಗೆಯೇ ಆಯಿತು. ಹೆಸರಿಲ್ಲದ್ದನ್ನು ಖಾಲಿಯೆಂದು ಬಗೆದೆ.

ಒಂದು ತುಂಡನ್ನು ಅಳಿಸಿದೆ. "ಇದರಲ್ಲಿರುವುದೆಲ್ಲ ಹೋಗುತ್ತದೆ, ಸಮ್ಮತಿಯೇ?" ಎಂದು ಯಂತ್ರ ಕೇಳಿತು. ಸಮ್ಮತಿಯೆಂದೆ. ಎರಡನೆಯದನ್ನೂ ಅಳಿಸಿದೆ. ಆವರಣದೊಳಗೆ ಹಸಿರು ಬಯಲು ಉಳಿಯಿತು. ಆವರಣವನ್ನೂ ಅಳಿಸಿದ ಮೇಲೆ ಅದು ಕಪ್ಪು ಪಟ್ಟಿಯಾಯಿತು. ಯಾರ ಖಾತೆಗೂ ಸೇರದ ಜಾಗಕ್ಕೆ ಇದೇ ಗುರುತು. ಒಟ್ಟು ಒಂದು ನಿಮಿಷವೂ ಹಿಡಿಯಲಿಲ್ಲ. ಇಷ್ಟು ದೊಡ್ಡ ಕೆಲಸ ಇಷ್ಟು ಬೇಗ ಮುಗಿಯಿತಲ್ಲ ಎಂದು ನನಗೆ ಸಂಶಯ ಬರಬೇಕಾಗಿತ್ತು. ಸಂತೋಷವೇ ಬಂದಿತು.

ಆ ಸಂತೋಷಕ್ಕೆ ಆಯುಸ್ಸು ಕಡಿಮೆ. 'ಸಿ'ಯ ಮೇಲೆ ಒತ್ತಿ, ಅದನ್ನು ಕಪ್ಪು ಜಾಗದವರೆಗೂ ವಿಸ್ತರಿಸಲು ಹೋದರೆ, 'ಎಕ್ಸ್‌ಟೆಂಡ್' ಎಂಬ ಅಕ್ಷರಗಳು ಮಸುಕಾಗಿ, ಒತ್ತಿದರೂ ಓಗೊಡದೆ ಕುಳಿತಿದ್ದವು. 215 ಜಿಬಿ ಬರಿದಾಗಿದೆ. ನನಗೆ ಒಂದು ಅಂಗುಲವೂ ದಕ್ಕಲಿಲ್ಲ! ಒಂದು ಗಂಟೆ ಓದಿದ ಮೇಲೆ ಕಾರಣ ತಿಳಿಯಿತು. ವಿಂಡೋಸಿನ ಈ ಕಿಟಕಿ ಒಂದು ಪಾಲನ್ನು ಬೆಳೆಸಬೇಕಾದರೆ ಖಾಲಿ ಜಾಗ ಅದರ ಬಲಮಗ್ಗುಲಿಗೆ ಅಂಟಿಕೊಂಡೇ ಇರಬೇಕು. ನನ್ನ 'ಸಿ'ಗೂ ಖಾಲಿ ಜಾಗಕ್ಕೂ ನಡುವೆ ಆ 450 ಎಂಬಿಯ ಸಣ್ಣ ಪಟ್ಟಿ ಅಡ್ಡ ನಿಂತಿತ್ತು. 2016ರಲ್ಲಿ ವಿಂಡೋಸ್ 7 ತೆಗೆದು 10ನ್ನು ಏರಿಸಿದಾಗ ಅದು ತಾನಾಗಿ ನನ್ನ ಪಾಲಿನ ಬಲ ತುದಿಯಿಂದ ಕತ್ತರಿಸಿಕೊಂಡ ಜಾಗವಂತೆ. ಯಜಮಾನನಿಗೆ ಮೈ ಕೆಟ್ಟರೆ ಚಿಕಿತ್ಸೆ ಮಾಡುವ ಸಾಮಗ್ರಿ ಅದರಲ್ಲಿ ಇರುತ್ತದೆ. ಅದನ್ನು 'ರಿಕವರಿ' ಪಾಲು ಎನ್ನುತ್ತಾರೆ.

ಇದನ್ನು ಓದುತ್ತಿದ್ದಂತೆ ನನಗೆ ನಮ್ಮ ಹಳ್ಳಿಯ ಮನೆ ನೆನಪಾಯಿತು.

ತಂದೆಯವರಿಗೂ ಚಿಕ್ಕಪ್ಪನಿಗೂ ಪಾಲಾದಾಗ ತೊಟ್ಟಿಯ ಮನೆಯನ್ನು ಎರಡಾಗಿ ಮಾಡಿದರು. ಪಾರೀಕತ್ತು ಬರೆದದ್ದು ತಂದೆಯವರೇ. ಊರಿನವರ ಚಕ್ಕುಬಂದಿಯನ್ನೆಲ್ಲ ಬರೆದ ಕೈ ತನ್ನ ಮನೆಯ ಚಕ್ಕುಬಂದಿಯನ್ನೂ ಬರೆಯಿತು. ಎರಡು ಪಾಲಿನ ನಡುವೆ ದೇವರ ಮನೆ. ಅದು ಇಬ್ಬರಿಗೂ ಸೇರಿದ್ದು. ಕೆಲವು ವರ್ಷಗಳ ಮೇಲೆ ಚಿಕ್ಕಪ್ಪ ಸಂಸಾರ ಸಮೇತ ಬೆಂಗಳೂರಿಗೆ ಹೋಗಿ ತಮ್ಮ ಪಾಲನ್ನು ಅಣ್ಣನಿಗೇ ಬಿಟ್ಟುಕೊಟ್ಟರು. ಗೋಡೆ ಒಡೆದು ಒಂದು ಮಾಡಿಕೊಂಡರೆ ಆಯಿತು ಎಂದುಕೊಂಡರೆ, ಗೋಡೆಯಿರಲಿ, ನಡುವೆ ದೇವರ ಮನೆ! ಅದನ್ನು ಒಡೆಯುವಂತಿಲ್ಲ, ಸರಿಸುವಂತಿಲ್ಲ. ನಮ್ಮ ತಾಯಿ ಆ ಕಡೆಯ ಕೋಣೆಯಿಂದ ಒಂದು ಚೊಂಬು ತರಬೇಕಾದರೂ ಬೀದಿಗೆ ಇಳಿದು ಸುತ್ತಿ ಬರುತ್ತಿದ್ದಳು. ಈ ರಿಕವರಿ ಪಾಲೂ ಅಂಥ ದೇವರ ಮನೆಯೇ. ಸಂಕಟ ಬಂದಾಗ ವೆಂಕಟರಮಣ. ಉಳಿದ ದಿನಗಳಲ್ಲಿ ಯಾರೂ ಅದರ ಕಡೆ ಸುಳಿಯುವುದಿಲ್ಲ.

ರಾತ್ರಿಯಾಗಿತ್ತು. ನಾಳೆ ನೋಡೋಣವೆಂದು ಯಂತ್ರವನ್ನು ಆರಿಸಿ ಮಲಗಿದೆ.

ಬೆಳಿಗ್ಗೆ ಗುಂಡಿ ಒತ್ತಿದರೆ, "ಯಾರ ಮನೆಗೆ?" ಎಂದು ಕೇಳುವ ಪರಿಚಿತ ತೆರೆ ಬರಲಿಲ್ಲ. ಕಪ್ಪು ಬಯಲಿನ ಮೇಲೆ ಎರಡು ಸಾಲು ಇಂಗ್ಲಿಷು: ಅಂಥ ಪಾಲು ಇಲ್ಲ ಎಂದೊಂದು, 'ಗ್ರಬ್ ರೆಸ್ಕ್ಯೂ' ಎಂದಿನ್ನೊಂದು. ಅದರ ಮುಂದೆ ಒಂದು ಚಿಕ್ಕ ಗೆರೆ ಮಿಟುಕುತ್ತಿತ್ತು. ಏನು ಒತ್ತಿದರೂ ಅದಕ್ಕೆ ಅರ್ಥವಾಗಲಿಲ್ಲ. ಅದು ಹೇಳಿದ್ದೂ ನನಗೆ ಅರ್ಥವಾಗಲಿಲ್ಲ. ಯಂತ್ರದ ಹೆಬ್ಬಾಗಿಲಲ್ಲಿ ನಿಂತು ದಾರಿ ತೋರಿಸುತ್ತಿದ್ದವನು ಲಿನಕ್ಸಿನ ಕಡೆಯ ಆಳು, ಗ್ರಬ್ ಎಂಬುವನು. ಅವನು ನಿಲ್ಲುವುದು ಡಿಸ್ಕಿನ ಮೊದಲ ಹೊಸ್ತಿಲಲ್ಲಿ; ಅವನ ಬೀಗದ ಕೈ ಗೊಂಚಲೆಲ್ಲ ಇದ್ದದ್ದು ಸೋದರಳಿಯನ ಪಾಲಿನಲ್ಲಿ. ಆ ಪಾಲನ್ನು ನಾನು ಅಳಿಸಿದೆ. ಆಳು ಬಾಗಿಲಲ್ಲಿಯೇ ನಿಂತಿದ್ದಾನೆ, ಕೈ ಬರಿದು. ನನ್ನ ಮನೆ ನನಗೇ ಮುಚ್ಚಿಹೋಯಿತು.

ಕಾಫಿ ತಂದ ನನ್ನಾಕೆ ತೆರೆಯನ್ನು ನೋಡಿದಳು. "ಏನಾಯಿತು?"

"ಏನಿಲ್ಲ. ಹುಡುಗನ ಪಾಲನ್ನು ತೆಗೆದುಹಾಕಿದೆ. ಸ್ವಲ್ಪ ತೊಂದರೆ ಕೊಡುತ್ತಿದೆ, ಅಷ್ಟೆ."

ಅವಳು ಲೋಟ ಕೆಳಗಿಡದೆ ನಿಂತಳು. "ಅತ್ತೆಯವರ ಹಾಡುಗಳು?"

ನಾನು ಉತ್ತರ ಕೊಡಲಿಲ್ಲ. ಕೊಡಲು ನನ್ನ ಹತ್ತಿರ ಉತ್ತರವಿರಲಿಲ್ಲ.

2015ರ ನವರಾತ್ರಿಯಲ್ಲಿ ಸೋದರಳಿಯ ತನ್ನ ಅಜ್ಜಿಯನ್ನು ಈ ಯಂತ್ರದ ಮುಂದೆ ಕೂರಿಸಿಕೊಂಡು ಹಾಡಿಸಿದ್ದ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಉರುಟಣೆಯ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು. ಅವಳು ತನ್ನ ತಾಯಿಯಿಂದ ಕಲಿತವು, ಯಾವ ಪುಸ್ತಕದಲ್ಲಿಯೂ ಇಲ್ಲದವು. ಒಂಬತ್ತು ಸಂಜೆ ಹಾಡಿದಳು. 38 ಹಾಡುಗಳು ಎಂದು ಹುಡುಗ ಎಣಿಸಿದ್ದು ನೆನಪಿತ್ತು. 2017ರಲ್ಲಿ ತಾಯಿ ತೀರಿಕೊಂಡಳು. ಹಾಡುಗಳ ಒಂದು ಪ್ರತಿಯನ್ನು ಹುಡುಗ ಜರ್ಮನಿಗೆ ಒಯ್ದಿದ್ದಾನೆಂದು ನಾನು ತಿಳಿದಿದ್ದೆ. ಮಾಮನ ಹತ್ತಿರ ಪ್ರತಿ ಇದ್ದೇ ಇರುತ್ತದೆಂದು ಅವನು ತಿಳಿದಿದ್ದ. ಇಬ್ಬರು ಅಣ್ಣತಮ್ಮಂದಿರ ನಡುವೆ ದೇವರ ದೀಪ ಆರುವುದು ಹೀಗೆಯೇ: ಅವನು ಹಚ್ಚಿಯಾನೆಂದು ಇವನು, ಇವನು ಹಚ್ಚಿಯಾನೆಂದು ಅವನು.

ಜರ್ಮನಿಯಲ್ಲಿ ಇನ್ನೂ ಬೆಳಗಿನ ಜಾವ. ಆದರೂ ಫೋನು ಮಾಡಿದೆ. ನಡೆದದ್ದನ್ನು ಹೇಳಿ ಮುಗಿಸುವ ಹೊತ್ತಿಗೆ ನನ್ನ ದನಿ ನನಗೇ ಅಪರಿಚಿತವಾಗಿತ್ತು. ಅವನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಮಾಮ, ಅಳಿಸಿದ ಮೇಲೆ ಆ ಜಾಗವನ್ನು ಯಾವುದಕ್ಕಾದರೂ ಸೇರಿಸಿದಿರಾ? ಹೊಸದಾಗಿ ಏನಾದರೂ ತುಂಬಿದಿರಾ?"

"ಇಲ್ಲವಪ್ಪ. ಸೇರಿಸಲು ಹೋದೆ, ಆಗಲಿಲ್ಲ."

"ಆಗಲಿಲ್ಲವಾ?" ಎಂದು ಅವನು ನಿಟ್ಟುಸಿರು ಬಿಟ್ಟದ್ದು ಏಳು ಸಮುದ್ರದಾಚೆಯಿಂದ ಕೇಳಿಸಿತು. "ಹಾಗಾದರೆ ಯಂತ್ರವನ್ನು ಆರಿಸಿಬಿಡಿ. ನಾನು ಹೇಳುವ ತನಕ ಮುಟ್ಟಬೇಡಿ. ಹಾಡುಗಳು ಅಲ್ಲಿಯೇ ಇರಬಹುದು."

ಅಳಿಸಿದ್ದು ಅಲ್ಲಿಯೇ ಹೇಗೆ ಇರುತ್ತದೆ? ಅವನು ವಿವರಿಸಿದ. ಡಿಸ್ಕಿನ ಮೊಟ್ಟಮೊದಲ ತುಂಡಿಗೆ 512 ಬೈಟುಗಳ ಜಾಗ. ಅದರಲ್ಲಿ ಪಾಲುಪಟ್ಟಿಗೆ ಮೀಸಲಾದದ್ದು 64 ಬೈಟು: ನಾಲ್ಕು ಸಾಲು, ಸಾಲಿಗೆ 16. ಐಬಿಎಂ ಕಂಪೆನಿಯ ಸಣ್ಣ ಗಣಕಗಳಿಗೆ ಹಾರ್ಡ್ ಡಿಸ್ಕು ಬಂದ 1983ರಿಂದ ಈ ಏರ್ಪಾಡು. ಒಂದೇ ಡಿಸ್ಕಿನಲ್ಲಿ ಬೇರೆ ಬೇರೆ ಯಜಮಾನರು ಇರಲೆಂದೇ ಮಾಡಿದ್ದು. ಕನ್ನಡದ ಒಂದೊಂದು ಚಿಹ್ನೆಗೆ ಇಂದಿನ ರೂಢಿಯಲ್ಲಿ ಮೂರು ಬೈಟು ಬೇಕು. ಅಂದರೆ 64 ಬೈಟಿನಲ್ಲಿ ಇಪ್ಪತ್ತೊಂದು ಚಿಹ್ನೆ, ಮೂರೋ ನಾಲ್ಕೋ ಪದ. ಇಡೀ ಜಮೀನಿನ ಚಕ್ಕುಬಂದಿ ಅಷ್ಟರಲ್ಲಿ! ಯಾವ ಪಾಲು ಎಲ್ಲಿ ಆರಂಭ, ಎಷ್ಟು ಉದ್ದ, ಯಾವ ಜಾತಿಯದು, ಇಷ್ಟೇ ಅಲ್ಲಿ ಬರೆದಿರುವುದು. ಪಾಲನ್ನು ಅಳಿಸುವುದೆಂದರೆ ಈ ಪಟ್ಟಿಯ ಸಾಲನ್ನು ಅಳಿಸುವುದು. ಹೊಲದೊಳಗೆ ಯಾರೂ ಕಾಲಿಡುವುದಿಲ್ಲ. ನಾನು ಅಳಿಸಿದ್ದು ಒಂದು ನಿಮಿಷದಲ್ಲಿ ಮುಗಿದದ್ದು ಅದಕ್ಕೇ. ಪೈರು ನಿಂತಲ್ಲಿಯೇ ನಿಂತಿರುತ್ತದೆ. ಅದರ ಒಡೆಯನ ಹೆಸರು ಮಾತ್ರ ದಾಖಲೆಯಲ್ಲಿಲ್ಲ. ಇನ್ನೊಬ್ಬ ಬಂದು ಉತ್ತು ಬಿತ್ತಿದರೆ ಆಗ ನಿಜವಾದ ನಾಶ.

ಶಾನುಭೋಗರ ಮಗನಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಅಟ್ಟದ ಮೇಲಿನ ಕಡತಗಳು ಕಣ್ಣ ಮುಂದೆ ಬಂದವು. ಇಂದು ಕಚೇರಿಯ ಫೈಲಿಗೂ ಯಂತ್ರದ ಫೈಲಿಗೂ ಕಡತವೆಂದೇ ಹೇಳುತ್ತೇವೆ. ನಿಜವಾದ ಕಡತವನ್ನು ಕಂಡವರು ಕಡಿಮೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಗಟ್ಟಿ ಮಾಡಿ ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕ ಅದು. ಬಳಪದಲ್ಲಿ ಬರೆಯುವುದು, ಬೇಡವಾದಾಗ ಒರಸಿ ಮತ್ತೆ ಬರೆಯುವುದು. ಹುಡುಗನಾಗಿದ್ದಾಗ ನಾನು ಒಂದನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದ್ದೆ. ಒರಸಿದ ಸಾಲುಗಳು ಹೊಸ ಸಾಲುಗಳ ನಡುವೆ ಮಸುಕಾಗಿ ಕಂಡಿದ್ದವು. "ಅದನ್ನೇನು ನೋಡ್ತೀಯೋ, ಅದು ಹೋದ ಲೆಕ್ಕ" ಎಂದು ತಂದೆಯವರು ನಕ್ಕಿದ್ದರು.

ಆ ದಿನ ನನ್ನನ್ನು ಕಾಪಾಡಿದವರು ಯಾರು? ನಾನು ಶಪಿಸಿದ ಎರಡು ವಿಘ್ನಗಳೇ. ನಡುವೆ ದೇವರ ಮನೆ ಅಡ್ಡವಾಗಿರದಿದ್ದರೆ ಆ ರಾತ್ರಿಯೇ ಖಾಲಿ ಜಾಗವನ್ನು 'ಸಿ'ಗೆ ಸೇರಿಸಿ, ಮೊಮ್ಮಗಳ ಚಿತ್ರಗಳನ್ನೂ ಇನ್ನೂ ಏನೇನನ್ನೋ ತುಂಬಲು ಆರಂಭಿಸಿರುತ್ತಿದ್ದೆ. ಬಾಗಿಲ ಆಳು ದಾರಿ ತಪ್ಪದಿದ್ದರೆ ಬೆಳಿಗ್ಗೆ ಯಾವುದಾದರೂ ಹೊಸ ಉಪಾಯ ಹೂಡಿ ಅದೇ ಅನರ್ಥ ಮಾಡಿರುತ್ತಿದ್ದೆ. ನನ್ನ ಯಂತ್ರ ಹಳೆಯದಾದದ್ದೂ ಅದೃಷ್ಟವೇ. ತಿರುಗುವ ತಟ್ಟೆಗಳಿಲ್ಲದ ಈಗಿನ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ, ಬೇಡವೆಂದ ಜಾಗವನ್ನು ಡಿಸ್ಕು ತಾನೇ ಬೇಗನೆ ಗುಡಿಸಿಬಿಡುವುದುಂಟು; ಅಲ್ಲಿ ಈ ಅವಕಾಶ ಸಿಕ್ಕುವ ಭರವಸೆಯಿಲ್ಲ.

ಎದುರು ಮನೆಯ ಹುಡುಗಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಸೋದರಳಿಯ ಅವಳೊಡನೆ ಫೋನಿನಲ್ಲಿ ಹತ್ತು ನಿಮಿಷ ಮಾತನಾಡಿದ. ಅವರ ಭಾಷೆಯಲ್ಲಿ ನನಗೆ ಕ್ರಿಯಾಪದಗಳು ಮಾತ್ರ ತಿಳಿದವು. ಅವಳು ಎರಡು ಪೆನ್ ಡ್ರೈವುಗಳನ್ನು ಸಿದ್ಧಮಾಡಿ ತಂದಳು: ಒಂದರಲ್ಲಿ ಉಬುಂಟು, ಇನ್ನೊಂದರಲ್ಲಿ ವಿಂಡೋಸ್. ಉಬುಂಟುವನ್ನು ಡಿಸ್ಕಿಗೆ ಇಳಿಸದೆ ಪೆನ್ ಡ್ರೈವಿನಿಂದಲೇ ನಡೆಸಬಹುದು. ಮನೆಯೊಳಗೆ ಕಾಲಿಡದೆ ಜಗುಲಿಯ ಮೇಲೆ ಕುಳಿತು ಒಳಗಿನದನ್ನು ನೋಡಿದಂತೆ. ಅಲ್ಲಿಂದ 'ಟೆಸ್ಟ್‌ಡಿಸ್ಕ್' ಎಂಬ ಧರ್ಮಾರ್ಥದ ಉಪಕರಣವನ್ನು ನಡೆಸಿದಳು. ಅದು ಪಾಲುಪಟ್ಟಿಯನ್ನು ನಂಬುವುದಿಲ್ಲ. ಡಿಸ್ಕಿನುದ್ದಕ್ಕೂ ತಾನೇ ನಡೆದು, ಇಲ್ಲಿ ಹಿಂದೆ ಒಬ್ಬರು ವಾಸವಾಗಿದ್ದರೇ ಎಂದು ಗುರುತು ಹುಡುಕುತ್ತದೆ. ಲಿನಕ್ಸ್ ತನ್ನ ಪಾಲಿನ ವಿವರವನ್ನು ಒಂದೇ ಕಡೆ ಬರೆಯದೆ ನಕಲುಗಳನ್ನು ನಡುನಡುವೆ ಇಟ್ಟಿರುತ್ತದೆಯಾದ್ದರಿಂದ ಇಂಥ ಹುಡುಕಾಟಕ್ಕೆ ಆಧಾರ ಸಿಕ್ಕುತ್ತದೆ.

ನಾವು ಮೂವರೂ ತೆರೆಯ ಮುಂದೆ ಕುಳಿತೆವು. ಅಂಕಿಗಳು ಸರಿಯುತ್ತಿದ್ದವು. ನನ್ನಾಕೆ ಒಲೆಯ ಮೇಲೆ ಏನೋ ಇಟ್ಟು ಮರೆತಿದ್ದಳು. ವಾಸನೆ ಬಂದರೂ ಯಾರೂ ಏಳಲಿಲ್ಲ. ಕೊನೆಗೆ ಒಂದು ಸಾಲು ಮೂಡಿತು: ಲಿನಕ್ಸ್. ಹುಡುಗಿ 'ಪಿ' ಒತ್ತಿದಳು. ಕೋಣೆಯ ಬಾಗಿಲು ತೆರೆದಂತೆ ಹೆಸರುಗಳು ಸಾಲಾಗಿ ನಿಂತವು. ಅವುಗಳ ನಡುವೆ ಸೋದರಳಿಯನ ಇಂಗ್ಲಿಷ್ ಅಕ್ಷರಗಳಲ್ಲಿ 'ಅಜ್ಜಿ' ಎಂದಿತ್ತು.

ಡಿಸ್ಕಿನ ಮೇಲೆ ಒಂದು ಅಕ್ಷರವನ್ನೂ ಬರೆಯದೆ ಎಲ್ಲವನ್ನೂ ಹೊರಗಿನ ಬೇರೊಂದು ಡಿಸ್ಕಿಗೆ ನಕಲು ಮಾಡಿದೆವು. 38 ಹಾಡುಗಳೂ ಇದ್ದವು.

ಆ ಸಂಜೆ ಮೊದಲನೆಯದನ್ನು ಹಾಕಿದೆವು. ಮೊದಲು ಒಂದು ಕೆಮ್ಮು, ಆಮೇಲೆ "ಶುರು ಮಾಡಲೇನೋ?" ಎಂಬ ಪ್ರಶ್ನೆ, ಆಮೇಲೆ ಹಾಡು. ಎಂಬತ್ತು ದಾಟಿದ ದನಿ; ಮೇಲಕ್ಕೆ ಹೋಗಬೇಕಾದಲ್ಲಿ ತುಸು ನಿಂತು, ಉಸಿರು ಕೂಡಿಸಿಕೊಂಡು ಹೋಗುತ್ತಿತ್ತು. ಹಿಂದೆ ಎಲ್ಲೋ ನನ್ನಾಕೆಯ ಕುಕ್ಕರು ಕೂಗಿತು. ಮೂರನೆಯ ಹಾಡಿನ ನಡುವೆ ಇನ್ನೊಂದು ದನಿ ಬಂದಿತು, ಒರಟಾದ ಗಂಡಸಿನ ದನಿ: "ಅಮ್ಮ, ಸಾಕುಮಾಡು, ವಾರ್ತೆಯ ಹೊತ್ತಾಯಿತು."

ಅದು ನನ್ನದು.

"ಆಯಿತಪ್ಪ, ಇದೊಂದು ಮುಗಿಸಿಬಿಡ್ತೀನಿ" ಎಂದಳು ತಾಯಿ; ಮುಗಿಸಿದಳು.

ನಾನು ಹಾಗೆಂದದ್ದು ನನಗೆ ನೆನಪಿಲ್ಲ. ಆ ಸಂಜೆಯ ವಾರ್ತೆ ಏನೆಂಬುದೂ ನೆನಪಿಲ್ಲ. ಆ ಒಂಬತ್ತು ಸಂಜೆಯೂ ನಾನು ಪಕ್ಕದ ಕೋಣೆಯಲ್ಲಿ ಟೆಲಿವಿಷನ್ನಿನ ಮುಂದೆ ಇದ್ದೆ. ಆಮೇಲಿನ ಒಂಬತ್ತು ವರ್ಷಗಳಲ್ಲಿ ಒಮ್ಮೆಯಾದರೂ ಕಪ್ಪು ತೆರೆ ಬಂದಾಗ ಬಾಣದ ಗುಂಡಿಯನ್ನು ಆ ಮನೆಯ ಕಡೆಗೆ ಒತ್ತಲಿಲ್ಲ. ಒತ್ತಿದ್ದರೆ ಹಾಡುಗಳು ಎಲ್ಲಿವೆಯೆಂದು ತಿಳಿದಿರುತ್ತಿತ್ತು. ಯಂತ್ರ ಅದನ್ನು ಖಾಲಿಯೆಂದು ನನಗೆ ಹೇಳಿರಲಿಲ್ಲ. ಓದಲು ಬಾರದೆಂದಷ್ಟೇ ಹೇಳಿತ್ತು. ಖಾಲಿಯೆಂದವನು ನಾನು. ನನ್ನಾಕೆ ಎದ್ದು ಒಳಗೆ ಹೋದಳು. ನಾನು 38 ಹಾಡುಗಳನ್ನೂ ಕೇಳಿ ಮುಗಿಸುವ ಹೊತ್ತಿಗೆ ಒಂಬತ್ತು ಗಂಟೆಯ ವಾರ್ತೆಯೂ ಮುಗಿದಿತ್ತು.

ಇನ್ನು ಜಾಗದ ಮಾತು. ಓದುಗರಲ್ಲಿ ನನ್ನಂಥವರು ಇದ್ದರೆ ಅವರ ಉಪಯೋಗಕ್ಕಾಗಿ ಉಳಿದ ಕಥೆಯನ್ನೂ ಹೇಳಿಬಿಡುತ್ತೇನೆ. ಮರುದಿನ ಹುಡುಗಿ ವಿಂಡೋಸ್ ಇದ್ದ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ರಿಪೇರಿಯ ಕಡೆಗೆ ಹೋಗಿ, 'ಬೂಟ್‌ರೆಕ್' ಎಂಬ ಆಜ್ಞೆಯಿಂದ ಹೊಸ್ತಿಲಲ್ಲಿ ನಿಂತಿದ್ದ ಹಳೆಯ ಆಳಿಗೆ ರಜೆ ಕೊಟ್ಟು ವಿಂಡೋಸಿನ ಆಳನ್ನು ನಿಲ್ಲಿಸಿದಳು. ಆಜ್ಞೆ ಆ 512 ಬೈಟುಗಳಲ್ಲಿ ಆಳಿನ ಭಾಗವನ್ನು ಮಾತ್ರ ಬದಲಾಯಿಸುತ್ತದೆ; ಪಾಲುಪಟ್ಟಿಯನ್ನು ಮುಟ್ಟುವುದಿಲ್ಲ. ವಿಂಡೋಸ್ ಎಂದಿನಂತೆ ತೆರೆಯಿತು. ಆಮೇಲೆ ಮತ್ತೆ ಉಬುಂಟುವಿನ ಪೆನ್ ಡ್ರೈವು. ಅದರಲ್ಲಿ 'ಜಿಪಾರ್ಟೆಡ್' ಎಂಬ ಉಪಕರಣ. ನಮ್ಮ ತಂದೆಯವರಿಂದ ಆಗದ ಕೆಲಸವನ್ನು ಅದು ಕೆಲವೇ ನಿಮಿಷಗಳಲ್ಲಿ ಮಾಡಿತು: ದೇವರ ಮನೆಯನ್ನು, ದೇವರಿಗೂ ತಿಳಿಯದಂತೆ, ಎತ್ತಿ ಹಿತ್ತಲಿನ ತುದಿಗೆ ಇಟ್ಟಿತು. ಈಗ ನನ್ನ 'ಸಿ'ಗೂ ಖಾಲಿ ಜಾಗಕ್ಕೂ ನಡುವೆ ಅಡ್ಡಿಯಿಲ್ಲ. ವಿಂಡೋಸಿನ ಕಿಟಕಿಯಲ್ಲಿ ಮಸುಕಾಗಿದ್ದ ಅಕ್ಷರಗಳು ಕಪ್ಪಾದವು. ಒತ್ತಿದೆ, ಎರಡು ಪಾಲು ಒಂದಾದವು.

ಅಂದರೆ ನಾನು ಮಾಡಿದ್ದೆಲ್ಲವನ್ನೂ ಹಿಂದುಮುಂದಾಗಿ ಮಾಡಿದ್ದೆ. ಕ್ರಮ ಹೀಗಿರಬೇಕಾಗಿತ್ತು: ಮೊದಲು ಆ ಮನೆಯ ಬಾಗಿಲನ್ನೇ ತೆರೆದು ಒಳಗೆ ಹೋಗಿ ಏನಿದೆಯೆಂದು ನೋಡುವುದು, ಬೇಕಾದುದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡುವುದು, ಬಾಗಿಲ ಆಳನ್ನು ಬದಲಾಯಿಸುವುದು, ಆಮೇಲೆ ಪಾಲನ್ನು ಅಳಿಸುವುದು, ನಡುವೆ ಅಡ್ಡವಿರುವುದನ್ನು ಸರಿಸುವುದು, ಕೊನೆಗೆ ಸೇರಿಸುವುದು. ಹೊಸ ಯಂತ್ರಗಳಲ್ಲಿ ಕಷ್ಟ ಸ್ವಲ್ಪ ಕಡಿಮೆ. ಅವುಗಳಲ್ಲಿ ಪಾಲುಪಟ್ಟಿಗೆ ನಾಲ್ಕೇ ಸಾಲೆಂಬ ಕಟ್ಟಿಲ್ಲ, ರೂಢಿಯಾಗಿ 128 ಸಾಲುಗಳಿರುತ್ತವೆ. ಪಟ್ಟಿಯ ಒಂದು ನಕಲು ಡಿಸ್ಕಿನ ಕೊನೆಯಲ್ಲಿಯೂ ಇರುತ್ತದೆ. ಬಾಗಿಲ ಆಳುಗಳಿಗೆ ಬೇರೆಯೇ ಒಂದು ಸಣ್ಣ ಕೋಣೆ ಇರುವುದರಿಂದ ಒಬ್ಬ ಹೋದರೆ ಇನ್ನೊಬ್ಬನ ದಾರಿ ಸಾಮಾನ್ಯವಾಗಿ ಮುಚ್ಚುವುದಿಲ್ಲ. ಆದರೆ ಮೊದಲನೆಯ ಹೆಜ್ಜೆ, ಒಳಗೆ ಹೋಗಿ ನೋಡುವುದು, ಹೊಸ ಯಂತ್ರಕ್ಕೂ ಹಳೆಯದಕ್ಕೂ ಒಂದೇ. ಅದನ್ನು ಯಂತ್ರ ನಮ್ಮ ಪರವಾಗಿ ಮಾಡುವುದಿಲ್ಲ.

ಒಂದು ತಮಾಷೆಯೂ ಉಂಟು. ನಾನು ಇಷ್ಟು ಕಷ್ಟಪಟ್ಟು ಜಾಗ ಬೆಳೆಸಿಕೊಟ್ಟ ವಿಂಡೋಸ್ 10ಕ್ಕೆ ಅದರ ತಯಾರಕರು 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. "ಈ ಹಳೇ ಯಂತ್ರಕ್ಕೆ ಇನ್ನು ಲಿನಕ್ಸೇ ಗತಿ ಮಾಮ" ಎಂದು ಸೋದರಳಿಯ ನಗುತ್ತಾನೆ. ಓಡಿಸಿದವನನ್ನೇ ಕರೆದು ಪಟ್ಟಕ್ಕೆ ಕೂರಿಸುವ ಕಾಲ ಬಂದಿದೆ. ಈ ಸಲ ಪಾಲು ಮಾಡಿದರೆ ಚಕ್ಕುಬಂದಿಯನ್ನೂ, ಯಾವ ಕೋಣೆಯಲ್ಲಿ ಏನಿದೆಯೆಂಬುದನ್ನೂ ಒಂದು ಕಾಗದದ ಮೇಲೆ ಬರೆದಿಡಲು ಅವನಿಗೆ ಹೇಳಿದ್ದೇನೆ. ಹಾಡುಗಳ ಪ್ರತಿ ಈಗ ಮೂರು ಕಡೆ ಇವೆ: ನನ್ನಲ್ಲಿ, ಅವನಲ್ಲಿ, ಮಗಳಲ್ಲಿ. ಮೊಮ್ಮಗಳನ್ನು ಮಲಗಿಸುವಾಗ ಮಗಳು ಒಂದೆರಡನ್ನು ಹಾಕುತ್ತಾಳಂತೆ. ನಡುವೆ ಬರುವ ನನ್ನ ದನಿಯನ್ನು ಕತ್ತರಿಸಲೇ ಎಂದು ಕೇಳಿದಳು. ಬೇಡವೆಂದೆ. ಅದೂ ಇರಲಿ.

ಮೊನ್ನೆ ಆಯುಧಪೂಜೆಗೆ ಮುಂಚೆ ನನ್ನಾಕೆ ಎಂದಿನಂತೆ ಅಟ್ಟದ ಕಡೆ ನೋಡಿದಳು. ನಾನೂ ನೋಡಿದೆ.

"ಹಳೇ ಪೇಪರಿನವನು ಬೀದಿಯ ಕೊನೆಯಲ್ಲಿದ್ದಾನೆ. ಕೂಗಲಾ?" ಎಂದಳು.

"ಬೇಡ" ಎಂದೆ. "ಏಣಿ ಹಿಡಿದುಕೋ, ಹತ್ತುತ್ತೇನೆ."